ಹಿಮ್ಮಡದ ಒಳಗಿನ ಫಳಿ

ಕೈ ಮುರದ್ರ ಪ್ಲಾಸ್ಟರ್, ತೊಡಿ ಮುರದ್ರ ರಾಡು. ಎಲುಬಿನ ವಿಷಯದಾಗ ನಮ್ಮ ಮನಿಯವರ ಜ್ಞಾನ ಇಷ್ಟ ಇತ್ತು. ಹಿಮ್ಮಡನೂ ಮುರೀತದ, ಅದಕ್ಕೂ ಸ್ಕ್ರೂ ಹಾಕ್ತಾರ ಅನ್ನೋದು ತಿಳದದ್ದು ನಮ್ಮ ಮಾವನವರು 68ನೇ ವಯಸ್ಸಿಗೆ ಟಾಕಿ ಮುಚ್ಚಳಾ ಸರಿ ಮಾಡ್ಲಿಕ್ಕೆ ನಿಚ್ಚಣಿಕಿ ಏರಿ, ಅಲ್ಲಿಂದ ನೆಟ್ಟಗ ಕಾಲ ಮ್ಯಾಲೆ ಬಿದ್ದಾಗ.

ದವಾಖಾನ್ಯಾಗ ಕಾಲಿನ ಜೋಡಿ ಬೆನ್ನಿಂದೂ ಎಕ್ಸ್-ರೇ ತಗದ್ರು. "ಬ್ಯಾನಿ ಕಾಲಿಗೆ, ಬೆನ್ನಿಂದ್ಯಾಕ?" ಅಂತ ಅತ್ತಿಯವರು ಸಿಟ್ಟಾದ್ರು. ಹಿಂಗ ಎತ್ತರದಿಂದ ಬಿದ್ದಾಗ ಪೆಟ್ಟು ಮ್ಯಾಲೇರಿ ಬೆನ್ನೆಲುಬಿನ ಮಣಿನೂ ಒಡದಿರತದ ಒಮ್ಮೊಮ್ಮೆ. ಪುಣ್ಯಾ, ಬೆನ್ನು ಗಟ್ಟಿ ಇತ್ತು. ಹಿಮ್ಮಡ ಮಾತ್ರ ನುಚ್ಚಾಗಿತ್ತು.

ಡಾಕ್ಟರು ಎಕ್ಸ್-ರೇ ಮ್ಯಾಲೆ ಎರಡು ಗೆರಿ ಎಳದು ಕೋನ ತೋರಿಸಿದ್ರು. ವಿಯೆನ್ನಾದ ಬೋಲರ್ ಅನ್ನೋ ಡಾಕ್ಟರ್ 1931ರಾಗ ಹೇಳಿದ ಅಳತಿ ಅಂತ ಅದು. ಸಾಮಾನ್ಯವಾಗಿ 20ರಿಂದ 40 ಡಿಗ್ರಿ ಇರಬೇಕು, ಮಾವನವರದು 5ಕ್ಕ ಇಳದಿತ್ತು. ಅಂದ್ರ ಮ್ಯಾಲಿನ ಎಲುಬು ಕೊಡ್ಲಿಹಂಗ ಬಂದು ಹಿಮ್ಮಡಾ ಕುಸಿಸಿಬಿಟ್ಟಿತ್ತು. ಆಪರೇಷನ್ ಮಾಡಸದಿದ್ರ ಕಾಲು ಹಂಗ ಚಪ್ಪಟಿ ಕೂಡತದ. ಮಾಡಿಸಿದ್ರ, ಮಾವನವರಿಗೆ ಸಕ್ಕರಿ ರೋಗ, ಅಲ್ಲಿ ಚರ್ಮಾ ತೆಳು, ಗಾಯಾ ಮಾಯದ ಕಾಡೋ ಹೆದರಿಕಿ. ಮನ್ಯಾಗ ಎರಡು ಪಕ್ಷ ಆದ್ವು.

ಮಾವನವರು ಸಾಲ್ಯಾಗ ಮರಗೆಲಸಾ ಕಲಿಸಿದ ಮಾಸ್ತರು. ಅವರ ಪ್ರಶ್ನೆ ಒಂದೇ: "ಒಡದ ಕಟಗಿಗೆ ಸ್ಕ್ರೂ ಹಿಡಿಯೂದಿಲ್ಲ ಡಾಕ್ಟರ್, ನೀವು ಎಲ್ಲಿ ಹಿಡಸ್ತೀರಿ?"

ಡಾಕ್ಟರು ನಕ್ಕು ಒಂದು ಪ್ಲಾಸ್ಟಿಕ್ ಎಲುಬು ತಂದು ಕೈಯಾಗ ಕೊಟ್ರು. ಹಿಮ್ಮಡದ ಎಲುಬು ಹೊರಗ ತೆಳು ಸಿಪ್ಪಿ, ಒಳಗ ಸ್ಪಂಜಿನಂಗ. ಆದ್ರ ಒಳಮಗ್ಗಲಕ್ಕ, ಅಂದ್ರ ಇನ್ನೊಂದು ಕಾಲಿನ ಕಡೆ, ಗ್ವಾಡಿ ಫಳಿಹಂಗ ಒಂದು ಚಾಚು ಅದ, ಹೆಬ್ಬೆಟ್ಟಿನಷ್ಟ ಅಗಲ. ಸಸ್ಟೆಂಟ್ಯಾಕುಲಮ್ ಅಂತಾರ. ಹೆಸರು ನಾ ಬರಕೊಂಡು ಬಂದೆ. ಅಲ್ಲಿ ಎಲುಬು ದಟ್ಟ. ಮ್ಯಾಲಿನ ಎಲುಬಿಗೆ ಅದನ್ನ ಗಟ್ಟಿ ಪಟ್ಟಿಗಳು ಬಿಗದಿರತಾವ. ಅದಕ್ಕ ಉಳದದ್ದು ಪುಡಿ ಆದ್ರೂ ಈ ಚೂರು ಸಾಮಾನ್ಯವಾಗಿ ತನ್ನ ಜಾಗಾ ಬಿಡೂದಿಲ್ಲ. ಬಾಕಿ ಚೂರುಗಳನ್ನ ಇದರ ಕಡೆ ತಂದು ಇದಕ್ಕ ಬಿಗೀತಾರ.

ತೊಡಕು ಏನಂದ್ರ, ಕೊಯ್ಯೋದು ಹೊರಮಗ್ಗಲಕ್ಕ, ಫಳಿ ಇರೋದು ಆ ಕಡೆ. ಕಣ್ಣಿಗೆ ಕಾಣಸೂದಿಲ್ಲ! ಹೊರಗಿನಿಂದ ಎಲುಬು ದಾಟಿ, ಸ್ವಲ್ಪ ಮ್ಯಾಲೆ, ಸ್ವಲ್ಪ ಮುಂದ ಓರೆ ಮಾಡಿ ಸ್ಕ್ರೂ ಬಿಡಬೇಕು. ಒಂಚೂರು ಮ್ಯಾಲಾದ್ರ ಕೀಲಿನೊಳಗ ಹೋಗತದ. ಕೆಳಗಾದ್ರ ಫಳಿ ಬುಡದ ಗಾಡಿಯೊಳಗ ಕಾಲಿನ ಹೆಬ್ಬೆರಳಿನ ನರಾ ಓಡಾಡತದ, ಅಂದ್ರ ಬೆರಳ ಮಡಚೋ ಹುರಿ. ಉದ್ದಾದ್ರ ಸ್ಕ್ರೂ ತುದಿ ಹೊರಗ ಬಂದು ಆ ಹುರೀನ ತಿಕ್ಕತದ, ಅದರ ಹತ್ರನ ರಕ್ತನಾಳ ಬ್ಯಾರೆ ಅದ. ಅದಕ್ಕ ತೂತು ಹೊಡದು ಆಳ ಅಳೀತಾರ, ಎಕ್ಸ್-ರೇ ಮಷೀನ ತಿರಿಗಿಸಿ ತಿರಿಗಿಸಿ ನೋಡತಾರ, ಕಡೀಕೆ ಹೆಬ್ಬೆರಳು ಹಿಡದು ಮಡಚಿ ಬಿಚ್ಚಿ ಸಲೀಸು ಆಡತದೋ ಇಲ್ಲೋ ಪರೀಕ್ಷಾ ಮಾಡತಾರ.

ಮಾವನವರು ಎಲುಬು ಎರಡು ಸಲ ತಿರಿವಿ ನೋಡಿ, "ಹಂಗಂದ್ರ ಮಾಡ್ರಿ" ಅಂದ್ರು. ಅತ್ತಿಯವರ ಪಕ್ಷ ಅಲ್ಲೇ ಸೋತಿತು.

ಬಾವು ಇಳದು ಚರ್ಮದ ಮ್ಯಾಲೆ ಸುಕ್ಕು ಕಾಣೋತನಕಾ ಹತ್ತು ದಿನ ಕಾದ್ರು. ಆಪರೇಷನ್ ಆದಮ್ಯಾಲೆ ಹತ್ತು ವಾರ ಕಾಲು ನೆಲಕ್ಕ ಊರಂಗಿಲ್ಲ, ಅದು ಆಪರೇಷನ್ನಿಗಿಂತ ಕಠಿಣ ಇತ್ತು ನೋಡ್ರಿ, ಅವರಿಗಲ್ಲ, ನಮಗ. ಗಾಯದ ಒಂದು ತುದಿ ತಿಂಗಳು ಹಸೀನ ಇತ್ತು, ಆಮ್ಯಾಲೆ ಮಾಯ್ತು. ಈಗ ಮನ್ಯಾಗ ಚಂದ ಅಡ್ಡಾಡತಾರ. ಕಲ್ಲು ಹಾಸಿದ ಏರುತಗ್ಗಿನ ದಾರ್ಯಾಗ ಹಿಮ್ಮಡ ಇನ್ನೂ ನೂಸತದ. ಯಾರರೆ ನೋಡ್ಲಿಕ್ಕೆ ಬಂದ್ರ ಕಾಲು ಮುಂದ ಚಾಚಿ ಹೆಬ್ಬೆರಳು ಕುಣಿಸಿ, "40 ಮಿಲಿಮೀಟರ್ ಸ್ಕ್ರೂ, ಫಳಿಗೇ ಹಿಡದದ" ಅಂತಾರ.