ಚಕ್ರದ ಮನೆಗೆ ತಕ್ಕ ಗಾಡಿ

ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಈಗ ಒಬ್ಬ ಮಗನೋ ಮಗಳೋ ಅಮೆರಿಕದಲ್ಲಿದ್ದಾರೆ. ತಂದೆತಾಯಿಗಳು ನಾಲ್ಕಾರು ತಿಂಗಳ ಮಟ್ಟಿಗೆ ಹೋಗಿಬರುವುದೂ ರೂಢಿಯಾಗಿದೆ. ಆದರೆ ಹೋದವರಲ್ಲಿ ಬಹುಮಂದಿ ಮಗನ ಮನೆಯ ಕಿಟಕಿಯಿಂದ ಅಮೆರಿಕ ನೋಡಿ ಬರುತ್ತಾರೆ. ಕಾರಣ ಊಟ. ನನ್ನ ಮನೆಯವಳು ಎರಡು ಸಲ ಡಲ್ಲಾಸಿಗೆ ಹೋಗಿ ಬಂದರೂ ಆ ಊರು ಬಿಟ್ಟು ಹೊರಗೆ ಒಂದು ರಾತ್ರಿ ಕಳೆದಿರಲಿಲ್ಲ. ಗಡ್ಡೆಗೆಣಸು ಇಲ್ಲದ, ಹೊತ್ತು ಮುಳುಗುವ ಮೊದಲು ಸಿಗುವ ಊಟವನ್ನು ಹೆದ್ದಾರಿಯ ಹೋಟೆಲಿನಲ್ಲಿ ಎಲ್ಲಿ ಹುಡುಕುವುದು? ‘ನೀವು ಹೋಗಿಬರ್ರಿ, ನಾ ಮನ್ಯಾಗ ಇರತೇನಿ’ ಎಂಬುದೇ ಅವಳ ಉತ್ತರ. ಅವಳ ಮೊಣಕಾಲು ಈಚೆಗೆ ಕೈಕೊಡಲು ಶುರುವಾಗಿದೆ. ಮುಂದಿನ ಸಲ ಎನ್ನುವ ಮಾತು ಎಷ್ಟು ದಿನ ನಡೆದೀತು ಎಂದು ಮಗನಿಗೂ ನನಗೂ ಒಳಗೊಳಗೇ ಅನಿಸುತ್ತಿತ್ತು.

2023ರ ಬೇಸಿಗೆಯಲ್ಲಿ ನಾವು ಮೂರನೆಯ ಸಲ ಹೋದಾಗ ಮಗ ಒಂದು ಉಪಾಯ ತೆಗೆದ. ಅಡುಗೆಮನೆಯನ್ನೇ ಜೊತೆಗೆ ಒಯ್ಯುವುದು. ಅಲ್ಲಿ ಅದಕ್ಕೆ ಟ್ರಾವೆಲ್ ಟ್ರೈಲರ್ ಎನ್ನುತ್ತಾರೆ. ಎಂಜಿನ್ ಇಲ್ಲದ, ಗಾಲಿಯ ಮೇಲಿನ ಚಿಕ್ಕ ಮನೆ. ಒಲೆ, ನೀರಿನ ಟಾಕಿ, ಮಂಚ, ಮಕ್ಕಳಿಗೆ ಒಂದರ ಮೇಲೊಂದು ಹಾಸಿಗೆ, ಶೌಚಾಲಯ ಎಲ್ಲ ಅದರಲ್ಲೇ. ಮುಂದೆ ಒಂದು ಗಾಡಿಗೆ ಕಟ್ಟಿಕೊಂಡು ಎಳೆದೊಯ್ಯಬೇಕು. ಮಗ ನೋಡಿಟ್ಟಿದ್ದು 26 ಅಡಿಯದು. ಡಲ್ಲಾಸಿನಿಂದ ಗ್ರ್ಯಾಂಡ್ ಕ್ಯಾನ್ಯನ್‌ವರೆಗೆ ಸುಮಾರು ಸಾವಿರ ಮೈಲಿ ಹೋಗುವುದು ಎಂದು ಅವನ ಯೋಜನೆ. ಮೊಮ್ಮಕ್ಕಳು ಕುಣಿದಾಡಿದರು.

ನಾನು ಮೆಟ್ರಿಕ್ ಪಾಸಾದವನು. ಎಂಜಿನಿಯರಿಂಗ್ ನನಗೆ ಗೊತ್ತಿಲ್ಲ. ಆದರೆ ಜತ್ತದ ಪೇಟೆಯಲ್ಲಿ ಕಾಳುಕಡಿಯ ಅಡತಿ ಅಂಗಡಿಯಲ್ಲಿ ನಲವತ್ತು ವರ್ಷ ಕುಳಿತವನಿಗೆ ತೂಕದ ವಿಷಯವನ್ನು ಯಾರೂ ಕಲಿಸಬೇಕಾಗಿಲ್ಲ. ಮಗನ ಮನೆಯಲ್ಲಿ ಒಂದು ಟೊಯೊಟಾ ಹೈಲ್ಯಾಂಡರ್ ಇತ್ತು. ಅದರ ಎಳೆಯುವ ಶಕ್ತಿ 5,000 ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು 2,270 ಕಿಲೋ. ಟ್ರೈಲರ್ ಮಾರುವವನು ಕಾಗದ ತೋರಿಸಿ, ಟ್ರೈಲರಿನ ತೂಕ 4,900 ಪೌಂಡ್, ನಿಮ್ಮ ಗಾಡಿಯೇ ಸಾಕು ಎಂದು ಹೇಳಿ ಕಳಿಸಿದ್ದ.

‘ಅಪ್ಪಾ, ನೂರು ಪೌಂಡ್ ಕಡಿಮೀನ ಅದ. ಬ್ಯಾರೆ ಗಾಡಿ ತಗೊಳ್ಳೋ ಖರ್ಚ ಉಳೀತು’ ಎಂದ ಮಗ.

‘ಅದು ಯಾವ ತೂಕಪಾ? ಖಾಲೀದೋ, ಭರ್ತೀದೋ?’ ಎಂದು ಕೇಳಿದೆ.

ಖಾಲಿಯದೇ ಆಗಿತ್ತು. ಅಲ್ಲಿ ಅದನ್ನು ‘ಡ್ರೈ ವೇಟ್’ ಎನ್ನುತ್ತಾರೆ. ಬಾರದಾನದ ತೂಕ ಹೇಳಿ ಕಾಳು ತುಂಬಿದ ಚೀಲ ಹೊರಿಸುವ ವ್ಯವಹಾರ ಇದು. ಒಳಗೆ ನೀರಿಲ್ಲ, ಗ್ಯಾಸ್ ಇಲ್ಲ, ಪಾತ್ರೆಯಿಲ್ಲ, ಹಾಸಿಗೆಯಿಲ್ಲ. ಇಬ್ಬರೂ ಕಾಗದ ಹಿಡಿದು ಕುಳಿತೆವು. ನೀರಿನ ಟಾಕಿ 40 ಗ್ಯಾಲನ್, ತುಂಬಿದರೆ 150 ಕಿಲೋ, ಅಂದರೆ 330 ಪೌಂಡ್. ಎರಡು ಗ್ಯಾಸ್ ಸಿಲಿಂಡರ್. ಆರು ಜನರ ಬಟ್ಟೆ, ಹಾಸಿಗೆ, ಮಡಚುವ ಕುರ್ಚಿ, ನೀರಿನ ಪೈಪು, ವಿದ್ಯುತ್ ತಂತಿ. ಇವೆಲ್ಲದರ ಮೇಲೆ ನನ್ನ ಮನೆಯವಳ ಅಡುಗೆಮನೆ. ಕುಕ್ಕರ್, ತವೆ, ಮಿಕ್ಸರ್, ಹದಿನೈದು ದಿನದ ಹಿಟ್ಟು ಬೇಳೆ. ಎಷ್ಟು ಬಿಗಿ ಹಿಡಿದು ಲೆಕ್ಕ ಹಾಕಿದರೂ 6,200 ಪೌಂಡಿಗೆ ಬಂತು. ಹೈಲ್ಯಾಂಡರ್ ಕಥೆ ಅಲ್ಲಿಗೇ ಮುಗಿಯಿತು. ಅದು ಒಳ್ಳೆಯ ಗಾಡಿಯೇ, ಆದರೆ ಈ ಕೆಲಸದ್ದಲ್ಲ.

ಇನ್ನು ಬಾಡಿಗೆಗೆ ತಂದರೇನು ಎಂದರೆ, ಕಾರು ಬಾಡಿಗೆಗೆ ಕೊಡುವ ಹೆಚ್ಚಿನ ಕಂಪನಿಗಳು ಅದರಿಂದ ಟ್ರೈಲರ್ ಎಳೆಯಲು ಬಿಡುವುದಿಲ್ಲ. ಗಾಡಿ ಕೊಳ್ಳಲೇಬೇಕಾಯಿತು. ಬೆಲೆಯನ್ನು ರೂಪಾಯಿಗೆ ಗುಣಿಸಿ ನೋಡಬೇಡಿ ಎಂದು ಮಗ ಮೊದಲೇ ಕಟ್ಟಪ್ಪಣೆ ಮಾಡಿದ್ದ. ಗುಣಿಸದೆ ಇರಲು ನನ್ನಿಂದಾಗುತ್ತದೆಯೇ? ಗುಣಿಸಿ ಸುಮ್ಮನಿದ್ದೆ. ಹೊಸದು ಬೇಡ, ಮೂರು ವರ್ಷ ಓಡಿದ್ದು ಸಾಕು ಎಂದಷ್ಟೇ ಹೇಳಿದೆ. ಮಗ ಒಪ್ಪಿದ.

ಮುಂದಿನ ಎರಡು ವಾರ ಗಾಡಿ ನೋಡುವುದೇ ಕೆಲಸ. ಓದುಗ ಬಂಧುಗಳ ಮಕ್ಕಳು ಯಾರಾದರೂ ಇಂಥ ವಿಚಾರದಲ್ಲಿದ್ದರೆ ಇಲ್ಲಿಯ ಮಾತನ್ನು ಸ್ವಲ್ಪ ಗಮನವಿಟ್ಟು ಓದಬೇಕು. ಜಾಹೀರಾತುಗಳಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದು ಎಳೆಯುವ ಶಕ್ತಿ. ಹತ್ತು ಸಾವಿರ ಪೌಂಡ್, ಹನ್ನೆರಡು ಸಾವಿರ ಪೌಂಡ್ ಎಂದು. ಆದರೆ ಗಾಡಿ ಎಳೆಯುವುದಷ್ಟೇ ಅಲ್ಲ, ಹೊರಲೂ ಬೇಕು. ಟ್ರೈಲರಿನ ಮೂಗು ಎಳೆಯುವ ಗಾಡಿಯ ಹಿಂಬದಿಯ ಕೊಂಡಿಯ ಮೇಲೆ ಕೂಡುತ್ತದೆ. ಟ್ರೈಲರಿನ ಒಟ್ಟು ತೂಕದ ನೂರಕ್ಕೆ 10ರಿಂದ 15 ಭಾಗ ಆ ಮೂಗಿನ ಮೇಲೆ ಇರಬೇಕೆಂದು ನಿಯಮ. ನಮ್ಮ ಲೆಕ್ಕದಲ್ಲಿ 800 ಪೌಂಡ್. ಅದು ಗಾಡಿಯ ಬೆನ್ನ ಮೇಲಿನ ಭಾರ, ಒಳಗೆ ಕುಳಿತವರ ತೂಕದ ಜೊತೆಗೆ ಸೇರುವ ಭಾರ.

ಎತ್ತಿನ ಗಾಡಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಹುಡುಗನಿದ್ದಾಗ ಹಳ್ಳಿಯಿಂದ ಜೋಳದ ಚೀಲ ಹೇರಿಕೊಂಡು ಬರುತ್ತಿದ್ದ ಗಾಡಿಯವರು ಕೊನೆಯ ಎರಡು ಚೀಲಗಳನ್ನು ಹಿಂದೆ ಮುಂದೆ ಸರಿಸಿ ಸರಿಸಿ ನೋಡುತ್ತಿದ್ದರು. ಮುಂಭಾರವಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂಭಾರವಾದರೆ ನೊಗ ಮೇಲೇಳುತ್ತದೆ. ಅಮೆರಿಕದ ಟ್ರೈಲರ್ ಹಿಂಭಾರವಾದರೆ ನೊಗ ಏಳುವುದಿಲ್ಲ, ಬಾಲ ಬೀಸತೊಡಗುತ್ತದೆ. ಒಮ್ಮೆ ಬೀಸತೊಡಗಿದರೆ ಮುಂದಿನ ಗಾಡಿಯನ್ನೂ ಎಳೆದಾಡಿ ರಸ್ತೆಯಿಂದಾಚೆ ಹಾಕಬಲ್ಲದು. ಮೂಗಿನ ಭಾರ ಮಿತಿ ಮೀರಿದರೆ ಎಳೆಯುವ ಗಾಡಿಯ ಹಿಂದಿನ ಭಾಗ ಕುಸಿದು ಮುಂದಿನ ಗಾಲಿ ಹಗುರವಾಗುತ್ತದೆ. ನಮ್ಮ ಕಡೆ ಕಬ್ಬಿನ ಹಂಗಾಮಿನಲ್ಲಿ ಏರು ಹತ್ತುವ ಟ್ರ್ಯಾಕ್ಟರ್ ಮುಂಗಾಲಿ ಎತ್ತುವುದನ್ನು ನೋಡದವರಾರು? ಆಗ ಸ್ಟಿಯರಿಂಗ್ ಹೇಗೆ ತಿರುಗಿಸಿದರೂ ಅಷ್ಟೇ.

ಗಾಡಿ ಎಷ್ಟು ಹೊರುತ್ತದೆ ಎಂಬುದು ಜಾಹೀರಾತಿನಲ್ಲಿ ಸಿಗುವುದಿಲ್ಲ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಹಳದಿ ಬಿಳಿ ಬಣ್ಣದ ಒಂದು ಚೀಟಿ ಅಂಟಿಸಿರುತ್ತಾರೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅದರ ಮೇಲೆ ಬರೆದಿರುತ್ತದೆ. ಒಂದೇ ಹೆಸರಿನ, ಒಂದೇ ವರ್ಷದ ಎರಡು ಗಾಡಿಗಳಲ್ಲಿ ಈ ಅಂಕಿ ಬೇರೆ ಬೇರೆ. ನಾವು ಮೊದಲು ನೋಡಿದ ಫೋರ್ಡ್ ಎಫ್-150ಕ್ಕೆ ಗಾಜಿನ ಮಾಳಿಗೆ, ಚರ್ಮದ ಆಸನ, ತಾನೇ ಇಳಿಯುವ ಮೆಟ್ಟಿಲು ಎಲ್ಲ ಇದ್ದವು. ಬಾಗಿಲು ತೆಗೆದು ನೋಡಿದರೆ 1,430 ಪೌಂಡ್. ಒಡವೆಯ ತೂಕವನ್ನೂ ಗಾಡಿಯೇ ಹೊರಬೇಕಲ್ಲ! ಮೂರು ಸಾಲಿನ ಆಸನದ ದೊಡ್ಡ ಎಸ್.ಯು.ವಿ. ಒಂದನ್ನು ನೋಡಿದೆವು. ಸೊಸೆಗೆ ಅದು ಮನಸ್ಸಿಗೆ ಬಂದಿತ್ತು. ಅದರ ಚೀಟಿಯಲ್ಲಿ 1,560.

ನಮಗೆ ಬೇಕಾದದ್ದು ಎಷ್ಟು? ಆರೂ ಜನ ಸ್ನಾನಗೃಹದ ತೂಕದ ಯಂತ್ರದ ಮೇಲೆ ನಿಂತೆವು. ಒಟ್ಟು 347 ಕಿಲೋ, ಅಂದರೆ 765 ಪೌಂಡ್. ಗಾಡಿಯಲ್ಲಿಡುವ ಸಾಮಾನು 100, ಕೊಂಡಿಯ ಸಲಕರಣೆ 80, ಟ್ರೈಲರಿನ ಮೂಗು 800. ಕೂಡಿದರೆ 1,745.

ಮಗ ಆ ಹೊತ್ತಿಗೆ ಬೇಸತ್ತಿದ್ದ. ‘ಇಲ್ಲಿ ಎಲ್ಲಾರೂ ಇಂಥಾ ಗಾಡೀಲೇ ಎಳೀತಾರಪ್ಪಾ, ಕಂಪನಿಯವರು ಪರೀಕ್ಷಾ ಮಾಡಿರತಾರ’ ಎಂದ. ಪರೀಕ್ಷೆ ಮಾಡುವುದು ನಿಜ. ಜೆ 2807 ಎಂಬ ಒಂದು ನಿಯಮಾವಳಿ ಇದೆ. ಟೊಯೊಟಾ 2011ರ ಮಾದರಿಗಳಿಂದ ಅದನ್ನು ಮೊದಲು ಒಪ್ಪಿಕೊಂಡಿತು, ಉಳಿದವರು ಆಮೇಲೆ ಬಂದರು. ಅರಿಜೋನಾದ ಡೇವಿಸ್ ಡ್ಯಾಮ್ ಹತ್ತಿರ 11.4 ಮೈಲಿ ಉದ್ದದ ಏರನ್ನು ಕಡು ಬಿಸಿಲಿನಲ್ಲಿ, ಎ.ಸಿ. ಹಾಕಿಕೊಂಡು ಟ್ರೈಲರ್ ಎಳೆಯುತ್ತ ಹತ್ತಬೇಕು. ಕಟ್ಟುನಿಟ್ಟಾದ ಪರೀಕ್ಷೆಯೇ. ಆದರೆ ಮಗನೇ ಹುಡುಕಿ ತೆಗೆದ ಕಾಗದದಲ್ಲಿ ಇನ್ನೊಂದು ಮಾತಿತ್ತು. ಆ ಲೆಕ್ಕದಲ್ಲಿ ಗಾಡಿಯೊಳಗೆ ಇರುವವರು ಇಬ್ಬರೇ, ತಲಾ 150 ಪೌಂಡಿನವರು. ನಾವು ಆರು ಮಂದಿ. ಅದನ್ನು ಓದಿದ ಮೇಲೆ ಮಗ ನನ್ನೊಡನೆ ವಾದಿಸಲಿಲ್ಲ. ಹಿಂದಿನ ಆಸನದಲ್ಲಿ ಆಡುತ್ತಿದ್ದ ಮಕ್ಕಳನ್ನು ಒಮ್ಮೆ ತಿರುಗಿ ನೋಡಿದ.

ಕೊನೆಗೆ ಸಿಕ್ಕಿದ್ದು ಇನ್ನೊಂದು ಎಫ್-150. ಬಟ್ಟೆಯ ಆಸನದ ಸಾದಾ ಗಾಡಿ. ಮುಂದಿನ ಸಾಲಿನ ನಡುವೆಯೂ ಒಂದು ಆಸನವಿರುವುದರಿಂದ ಆರು ಜನಕ್ಕೆ ಬೆಲ್ಟು. ಚೀಟಿಯಲ್ಲಿ 1,980. ಟ್ರೈಲರಿನ ಬ್ರೇಕನ್ನು ಚಾಲಕನ ಕೈಯಿಂದ ನಿಯಂತ್ರಿಸುವ ಸಾಧನ ಮೊದಲೇ ಜೋಡಿಸಿತ್ತು. ಎಂಜಿನ್ 3.5 ಲೀಟರಿನದು, ಎರಡು ಟರ್ಬೊ. ಈ ಟರ್ಬೊ ಮಾತಿಗೆ ಕಾರಣವಿದೆ. ಟರ್ಬೊ ಇಲ್ಲದ ಎಂಜಿನ್ ಸಾವಿರ ಅಡಿ ಎತ್ತರಕ್ಕೆ ನೂರಕ್ಕೆ ಮೂರರಷ್ಟು ಬಲ ಕಳೆದುಕೊಳ್ಳುತ್ತದೆ. ಫ್ಲ್ಯಾಗ್‌ಸ್ಟಾಫ್ ಊರು ಸುಮಾರು 7,000 ಅಡಿ ಎತ್ತರದಲ್ಲಿದೆ. ಅಲ್ಲಿಗೆ ಹೋಗುವಷ್ಟರಲ್ಲಿ ಐದರಲ್ಲೊಂದು ಪಾಲು ಬಲ ಗಾಳಿಗೆ ಹೋದಂತೆ.

ಸೊಸೆಗೆ ಆ ಗಾಡಿಯ ಉದ್ದ ನೋಡಿಯೇ ಎದೆ ಹೊಡೆದುಕೊಂಡಿತು. ಆದರೆ ಉದ್ದವೇ ಅದರ ಗುಣ. ಮುಂದಿನ ಹಿಂದಿನ ಗಾಲಿಗಳ ನಡುವಿನ ಅಂತರ ಹೆಚ್ಚಿದ್ದಷ್ಟೂ ಟ್ರೈಲರಿನ ಬೀಸಾಟಕ್ಕೆ ಗಾಡಿ ಜಗ್ಗುವುದಿಲ್ಲ. ಒಂದು ಭಾನುವಾರ ಖಾಲಿ ಮೈದಾನದಲ್ಲಿ ಇಬ್ಬರೂ ಟ್ರೈಲರನ್ನು ಹಿಂದಕ್ಕೆ ಹಾಕುವುದನ್ನು ಕಲಿತರು. ಸ್ಟಿಯರಿಂಗಿನ ಕೆಳಭಾಗ ಹಿಡಿದು, ಟ್ರೈಲರ್ ಯಾವ ಕಡೆ ಹೋಗಬೇಕೋ ಆ ಕಡೆಗೇ ಕೈ ಒಯ್ಯಬೇಕು. ಮಗನಿಗಿಂತ ಸೊಸೆಗೇ ಬೇಗ ಬಂತು. ಇದನ್ನು ಬರೆಯಬೇಡಿ ಎಂದು ಮಗ ಹೇಳಿದ್ದಾನೆ.

ಹೊರಡುವ ಹಿಂದಿನ ದಿನ ಮನೆಯವಳಿಗೂ ನನಗೂ ಸಣ್ಣ ಜಗಳ. ಟ್ರೈಲರಿನಲ್ಲಿ ಅಡುಗೆಮನೆ ಇದ್ದದ್ದು ಹಿಂತುದಿಗೆ. ಭಾರದ ನೂರಕ್ಕೆ ಅರವತ್ತು ಪಾಲು ಮುಂದಿನ ಅರ್ಧದಲ್ಲಿರಬೇಕು. ಹಿಟ್ಟು, ಬೇಳೆ, ಎಣ್ಣೆಯ ಡಬ್ಬಿಗಳನ್ನೆಲ್ಲ ನಾನು ಮುಂದಿನ ಪೆಟ್ಟಿಗೆಗೆ ಸಾಗಿಸಿದೆ. ‘ಅಡಗಿ ಮನಿ ಒಂದ ತುದೀಗೆ, ಹಿಟ್ಟಿನ ಡಬ್ಬಿ ಇನ್ನೊಂದ ತುದೀಗೆ. ಇದೆಂಥಾ ಸಂಸಾರರೀ?’ ಎಂದಳು. ದಿನಾ ಬೆಳಿಗ್ಗೆ ಅಂದಂದಿನ ಹಿಟ್ಟು ಅಳೆದು ತಂದುಕೊಡುವ ಕೆಲಸ ನನಗೆ ಬಂತು. ಅಂಗಡಿಯವನಿಗೆ ಅದೇನು ಹೊಸದಲ್ಲ.

ನನಗೆ ಆ ದೇಶದಲ್ಲಿ ತುಂಬ ಹಿಡಿಸಿದ್ದು ಕಾಟಾ. ಹೆದ್ದಾರಿಯಲ್ಲಿ ಲಾರಿಗಳು ನಿಲ್ಲುವ ಕಡೆ ಕ್ಯಾಟ್ ಸ್ಕೇಲ್ ಎಂಬ ವೇಬ್ರಿಜ್ ಇರುತ್ತದೆ. ಸಂಸಾರದ ಗಾಡಿಯನ್ನೂ ತೂಗುತ್ತಾರೆ. ಮುಂದಿನ ಗಾಲಿ, ಹಿಂದಿನ ಗಾಲಿ, ಟ್ರೈಲರಿನ ಗಾಲಿ, ಮೂರರ ತೂಕವನ್ನೂ ಬೇರೆ ಬೇರೆ ಬರೆದ ಚೀಟಿ ಕೈಗೆ ಬರುತ್ತದೆ. ಫೋರ್ಟ್‌ವರ್ತ್ ದಾಟುವಾಗ ಆರೂ ಜನ ಕುಳಿತುಕೊಂಡೇ ತೂಗಿಸಿದೆವು. ಗಾಡಿಯ ಮಿತಿಗಿಂತ 190 ಪೌಂಡ್ ಕಡಿಮೆ ಬಂತು. ನಮ್ಮ ಕಾಗದದ ಲೆಕ್ಕದ ಪ್ರಕಾರ 235 ಉಳಿಯಬೇಕಾಗಿತ್ತು. ಹೆಚ್ಚಾದ 45 ಪೌಂಡ್, ಅಂದರೆ 20 ಕಿಲೋ, ಎಲ್ಲಿಂದ ಬಂತೆಂದು ಮಗ ತಲೆ ಕೆರೆದುಕೊಂಡ. ಹಿಂದಿನ ಸೀಟಿನ ಕೆಳಗೆ ಜೋಳದ ಹಿಟ್ಟಿನ ಎರಡು ಚೀಲಗಳಿದ್ದವು. ಹೊರಡುವ ಮೊದಲು ನನಗೆ ತಿಳಿಯದಂತೆ ಯಾರಿಟ್ಟರೆಂದು ನಾನು ಕೇಳಲಿಲ್ಲ.

ದಾರಿಯಲ್ಲಿ ಭಯವಾದದ್ದು ಒಂದೇ ದಿನ. ಅಮರಿಲ್ಲೋ ಸಮೀಪ ಬಯಲೋ ಬಯಲು, ಅಡ್ಡಗಾಳಿ. ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋದಾಗ ಟ್ರೈಲರ್ ಒಮ್ಮೆ ತೂಗಿ ಗಾಡಿಯನ್ನು ಮುಟ್ಟಿ ಎಬ್ಬಿಸಿದ ಹಾಗಾಯಿತು. ಮುಂದಿನ ಸಾಲಿನ ನಡುವಿನ ಇಕ್ಕಟ್ಟಿನ ಆಸನ ನನ್ನದಾಗಿತ್ತು. ಮಗನ ಮುಂಗೈ ಬಿಗಿಯಾದದ್ದು ಕಾಣಿಸಿತು. ಅವನು ಬ್ರೇಕ್ ಒತ್ತದೆ ಕಾಲು ಸಡಿಲಿಸಿದ, ಗಾಡಿ ತಾನೇ ನೆಟ್ಟಗಾಯಿತು. ಹಿಂದಿನಿಂದ ಮನೆಯವಳು ಣಮೋಕಾರ ಹೇಳುವ ಸದ್ದು ಕೇಳುತ್ತಿತ್ತು. ಅಂದು ಮಧ್ಯಾಹ್ನವೇ ನಿಂತುಬಿಟ್ಟೆವು, ಗಾಳಿ ಇಳಿದ ಮೇಲೆ ಮರುದಿನ ಬೆಳಿಗ್ಗೆ ಹೊರಟೆವು. ಅಲ್ಲಿಯ ರಸ್ತೆಯಲ್ಲಿ ಗಂಟೆಗೆ 75 ಮೈಲಿ ಹೋಗಲು ಅನುಮತಿ ಇದೆ. ಆದರೆ ಟ್ರೈಲರುಗಳ ಟೈರುಗಳಲ್ಲಿ ಎಷ್ಟೋ 65ಕ್ಕೆ ಮಾತ್ರ ತಕ್ಕವು. ನಾವು 60 ದಾಟಲಿಲ್ಲ. ಆಲ್ಬುಕರ್ಕಿಯ ಮುಂಚೆ ತಿಹೆರಾಸ್ ಕಣಿವೆಯ ಇಳಿಜಾರಿನಲ್ಲಿ ಮಗ ಕೆಳಗಿನ ಗೇರಿನಲ್ಲೇ ಎಂಜಿನ್ನಿನಿಂದ ವೇಗ ತಡೆದು ಇಳಿಸಿದ. ಬ್ರೇಕ್ ಕಾಯಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಕ್ಯಾನ್ಯನ್ ತಲುಪಿದೆವು. ಜೂನ್ ತಿಂಗಳಲ್ಲಿ ಅಲ್ಲಿ ಹೊತ್ತು ಮುಳುಗುವುದು ಮುಕ್ಕಾಲು ಎಂಟರ ಸುಮಾರಿಗೆ. ಐದೂವರೆಗೆ ಮನೆಯವಳು ಟ್ರೈಲರಿನ ಒಲೆಯ ಮೇಲೆ ರೊಟ್ಟಿ ಮಾಡಿದಳು, ಎಲ್ಲರೂ ಉಂಡೆವು. ಆಮೇಲೆ ನಿಧಾನವಾಗಿ ನಡೆಸಿಕೊಂಡು ಕಣಿವೆಯ ಅಂಚಿಗೆ ಹೋದೆವು. ಕತ್ತಲಾಗುವವರೆಗೆ ಅವಳು ಅಲ್ಲಿಂದ ಏಳಲಿಲ್ಲ, ಊಟದ ಚಿಂತೆ ಇರಲಿಲ್ಲವಲ್ಲ.

ಖರ್ಚಿನ ಮಾತು. ಟ್ರೈಲರ್ ಕಟ್ಟಿದಾಗ ಗಾಡಿ ಗ್ಯಾಲನ್ನಿಗೆ ಒಂಬತ್ತೂವರೆ ಮೈಲಿ ಕೊಟ್ಟಿತು, ನಮ್ಮ ಲೆಕ್ಕದಲ್ಲಿ ಲೀಟರಿಗೆ ನಾಲ್ಕು ಕಿಲೋಮೀಟರ್. ಹೋಗಿಬರುವ 2,200 ಮೈಲಿಗೆ 230 ಗ್ಯಾಲನ್ನಿಗಿಂತ ಸ್ವಲ್ಪ ಹೆಚ್ಚು ಪೆಟ್ರೋಲು. ಆರು ಜನರ ಹೋಟೆಲ್ ಖರ್ಚಿನ ಎದುರು ಬರೆದು ನೋಡಿದರೆ ಉಳಿತಾಯವೇನೂ ಇಲ್ಲ. ಗಾಡಿಯ ಸಾಲದ ಕಂತು ಬೇರೆ. ಅದನ್ನು ಮಗನಿಗೆ ಹೇಳಿದ್ದೇನೆ, ಅವನಿಗೂ ಗೊತ್ತಿದೆ.

ಈಗ ಕೊಲರಾಡೊ ಬೆಟ್ಟಗಳಿಗೆ ಹೋಗುವ ಮಾತು ನಡೆದಿದೆ. ಮೊನ್ನೆ ಫೋನಿನಲ್ಲಿ ಮನೆಯವಳು, ಇನ್ನೊಂದು ಚೀಲ ಹಿಟ್ಟು ಹಿಡಿಸೀತೇ ಎಂದು ಮಗನನ್ನು ಕೇಳಿದಳು. ಮೊಮ್ಮಕ್ಕಳಿಬ್ಬರೂ ಎತ್ತರ ಬೆಳೆದಿದ್ದಾರಂತೆ. ಅವರನ್ನು ತೂಗಿ ತಿಳಿಸುವಂತೆ ಹೇಳಿದ್ದೇನೆ.