ಕಟ್ಟುವುದೂ ಬಿಚ್ಚುವುದೂ

ಹೊರೆಯನ್ನು ಬಿಗಿದು ಕಟ್ಟುವುದು ಒಂದು ವಿದ್ಯೆ. ಸಮಯಕ್ಕೆ ಅದನ್ನು ಥಟ್ಟನೆ ಬಿಡಿಸುವುದು ಅದಕ್ಕೂ ಮಿಗಿಲಾದ ವಿದ್ಯೆ. ಕೂಡಿಸುವುದೆಂಬ ಅರ್ಥದ ‘ಯುಜ್’ ಧಾತುವಿನಿಂದ, ಎತ್ತನ್ನು ನೊಗಕ್ಕೆ ಬಿಗಿಯುವ ಹಗ್ಗಕ್ಕೆ ಸಂಸ್ಕೃತದಲ್ಲಿ ‘ಯೋಕ್ತ್ರ’ವೆಂದು ಹೆಸರಾಯಿತು. ಕಟ್ಟಿದುದನ್ನು ಬಿಡಿಸುವುದಕ್ಕೆ ‘ಮುಚ್’ ಎಂಬ ಧಾತು ಬೇರೆಯೇ ಇದೆ. ಈ ಎರಡನ್ನೂ ಒಂದೆಡೆ ಕೂಡಿಸಿದುದು ನಮ್ಮ ಹಿರಿಯರ ಜಾರುಗಂಟು. ಚಾಮರಾಜಪೇಟೆಯ ನಮ್ಮ ಹಿತ್ತಿಲಿನಲ್ಲಿ ಹಸು ಜಗ್ಗಿದಷ್ಟೂ ಅದು ಬಿಗಿಯುತ್ತಿತ್ತು. ನಾವು ಬಿಡಿತುದಿಯನ್ನೆಳೆದರೆ ಒಡನೆ ಕಳಚುತ್ತಿತ್ತು.

ಇಂದು ಮಕ್ಕಳ ಬೆನ್ನುಚೀಲದಲ್ಲಿಯೂ ಸೈನಿಕರ ಹೊರೆಪಟ್ಟಿಯಲ್ಲಿಯೂ ಕಾಣುವ ಪ್ಲಾಸ್ಟಿಕ್ ಬಕಲಿನಲ್ಲಿ ಇದೇ ನ್ಯಾಯವಿದೆ. ಅದರ ಎರಡು ಕವಲುಗಳು ಒಳಹೊಕ್ಕು, ಅಗಲಿಸಿ, ಅಂಚಿಗೆ ತಡೆದು ನಿಲ್ಲುವುವು. ಭಾರವು ಉದ್ದಕ್ಕೆ ಎಳೆಯುವುದು. ಬೆರಳುಗಳು ಅಡ್ಡಲಾಗಿ ಒತ್ತುವುವು. ದಿಕ್ಕುಗಳು ಬೇರೆಯಾದುದರಿಂದಲೇ ಹೊರೆ ತಾನಾಗಿ ಕಳಚದು.

2019ರಲ್ಲಿ ನಮ್ಮ ಸರ್ಕಾರವು ಶಾಲಾಚೀಲದ ಭಾರವನ್ನು ಮಗುವಿನ ತೂಕದ ಶೇಕಡ 10ಕ್ಕೆ ಮಿತಿಗೊಳಿಸಿತು. ಅದು ಯುಕ್ತವೇ, ಆದರೆ ಅಷ್ಟೇ ಸಾಲದು. ಬಸ್ಸಿನ ಬಾಗಿಲಿಗೆ ಚೀಲದ ಪಟ್ಟಿ ಸಿಕ್ಕಿಕೊಂಡ ಮಗುವಿಗೂ, ಹೊರೆಸಹಿತ ನೀರಿಗೆ ಬಿದ್ದ ಸೈನಿಕನಿಗೂ ಪ್ರಾಣವುಳಿಯುವುದು ಕ್ಷಣಮಾತ್ರದ ಬಿಡುಗಡೆಯಿಂದ. ಆದುದರಿಂದ ಗೃಹಸ್ಥರು ಚೀಲ ಕೊಳ್ಳುವಾಗ ಒಂದು ಪರೀಕ್ಷೆ ಮಾಡಲಿ: ಅದನ್ನು ಹೊತ್ತ ಮಗು ಕಣ್ಣುಮುಚ್ಚಿ, ಒಂದೇ ಕೈಯಿಂದ ಎದೆಪಟ್ಟಿಯ ಬಕಲನ್ನು ಬಿಡಿಸಬಲ್ಲುದೆ? ಬಿಡಿಸಲಾರದಾದರೆ, ಎಷ್ಟು ಚೆಲುವಾಗಿದ್ದರೂ ಆ ಚೀಲ ಬೇಡ.