ಪುಟ್ಟಿ ಓದಲು ಕಲಿತ ಬಗೆ

ಮಗು ಪುಸ್ತಕ ಹಿಡಿದು ಗಡಗಡನೆ ಓದಿದರೆ ಯಾವ ತಾಯಿಗೆ ತಾನೆ ಹೆಮ್ಮೆಯಾಗದು, ಹೇಳಿ? ನನಗೂ ಆಗಿತ್ತು. ಒಂದನೇ ತರಗತಿಯ ನನ್ನ ಕೊನೆ ಮಗಳು ಪುಟ್ಟಿ ಪಾಠವನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದಳು. ಬಂದ ನೆಂಟರ ಮುಂದೆಲ್ಲ ಓದಿಸಿದ್ದೇ ಓದಿಸಿದ್ದು!

ಒಂದು ಸಂಜೆ ಸಾರಿಗೆ ಒಗ್ಗರಣೆ ಹಾಕಿ ಬಂದು ನೋಡುತ್ತೇನೆ, ತೆರೆದಿರುವ ಪುಟವೇ ಬೇರೆ, ಅವಳ ಬಾಯಲ್ಲಿ ಬರುತ್ತಿರುವ ಪಾಠವೇ ಬೇರೆ. "ಇದೇನೇ?" ಎಂದು 'ಸರ' ಎಂಬ ಪದ ತೋರಿಸಿದೆ. ಪಕ್ಕದ ಚಿತ್ರ ನೋಡಿ "ಚೈನು" ಎಂದಳು! ನನ್ನ ತಾಳ್ಮೆ ತಪ್ಪಿತು. ಬೆನ್ನಿಗೆ ಎರಡು ಬಿಟ್ಟೆ. ಅಂದು ಅವಳು ಊಟ ಮಾಡದೆ ಮಲಗಿದಳು. ನನಗೂ ತುತ್ತು ಇಳಿಯಲಿಲ್ಲ.

ಮಾರನೇ ದಿನದಿಂದ ನಾನೇ ಮೇಷ್ಟ್ರಾದೆ. ನಲವತ್ತೊಂಬತ್ತು ಅಕ್ಷರ, ಮೇಲೆ ಕಾಗುಣಿತ, ಎಲ್ಲವನ್ನೂ ದಿನಾ ಬರೆಸಿದೆ. ನಮ್ಮ ಮನೆ ಮಾತು ಬೇರೆ ತೆಲುಗು. ಹದಿನೈದು ದಿನದಲ್ಲಿ ಪುಸ್ತಕ ಕಂಡರೆ ಹುಡುಗಿಗೆ ಹೊಟ್ಟೆನೋವು ಶುರುವಾಯಿತು.

ಎದುರು ಮನೆಯ ನಿವೃತ್ತ ಟೀಚರಮ್ಮ ಇದನ್ನು ನೋಡಿ ನಕ್ಕರು. "ಅಡುಗೆ ಕಲಿಯೋಳಿಗೆ ಮೊದಲ ದಿನಾನೇ ಬಿಸಿಬೇಳೆಬಾತು ಮಾಡು ಅಂತೀಯೇನಮ್ಮಾ? ಮೊದಲು ಅನ್ನ ಇಡೋದು ಕಲಿಸು. ರ, ಗ, ಸ, ದ, ಅ. ಐದೇ ಸಾಕು" ಎಂದರು.

ಆ ಐದರಲ್ಲೇ ಎಷ್ಟು ಪದ ನೋಡಿ: ಸರ, ರಸ, ದರ, ಅರಸ, ಗರಗಸ! ಇನ್ನು ಜ, ವ, ಮ, ಬ, ನ ಸೇರಿದರೆ ಮರ, ಜನ, ನಗರ, ಬಸವ. ಕಲಿತ ಅಕ್ಷರ ಬಿಟ್ಟು ಬೇರೊಂದು ಅಕ್ಷರ ಆ ಚೀಟಿಯಲ್ಲಿ ಇರಬಾರದು, ಚಿತ್ರವೂ ಬೇಡ. ಆಗ ಮಗುವಿಗೆ ಊಹಿಸಲು ದಾರಿಯಿಲ್ಲ, ಅಕ್ಷರ ಕೂಡಿಸಿಯೇ ಓದಬೇಕು. ಕೂಡಿಸಿದರೆ ಬಂದೇ ಬರುತ್ತದೆ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲೂ ಇದೇ ಕ್ರಮವಂತೆ. ಆಂಧ್ರದ ಮದನಪಲ್ಲಿ ಬಳಿಯ ಋಷಿವ್ಯಾಲಿಯ ಪದ್ಧತಿ ನೋಡಿ ಬಂದು, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಅದನ್ನು ಆರಂಭಿಸಿದರೆಂದು ಅವರೇ ಹೇಳಿದರು.

ನಾನು ಹಳೇ ಕ್ಯಾಲೆಂಡರ್ ಹಾಳೆ ಹರಿದು, "ಬಸವ ಅರಸನ ಮಗ" ಎಂದು ಬರೆದೆ. ಪುಟ್ಟಿ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಓದಿ, "ಅವನ ಅಮ್ಮ ಎಲ್ಲಿ?" ಎಂದಳು. "ಅಮ್ಮ ಬರಬೇಕಾದರೆ ಒತ್ತಕ್ಷರ ಕಲೀಬೇಕು ಕಣೇ" ಎಂದೆ.

ಒಂದು ತಿಂಗಳಾದ ಮೇಲೆ ರಾಬರ್ಟ್‌ಸನ್‌ಪೇಟೆಯ ನನ್ನ ತವರಿಗೆ ಹೊರಟಿದ್ದೆವು. ಸ್ಟೇಷನ್ನಿನಲ್ಲಿ ಬೋರ್ಡು ನೋಡಿ ಕೂಗಿಕೊಂಡಳು: "ಅಮ್ಮಾ, ನಡೂಮಧ್ಯ ರ! ಅದರ ಪಕ್ಕ ಬಾಲ ಇರೋ ಗ!" ಬಂಗಾರಪೇಟೆ ಎಂಬ ನಮ್ಮೂರ ಹೆಸರನ್ನು ನಾನೂ ಅಂದೇ ಸರಿಯಾಗಿ ನೋಡಿದೆನೇನೋ!

ಒಂದು ಮಾತು ಮರೆಯಬೇಡಿ, ಸೋದರಿಯರೇ. ಈ ಚೀಟಿಗಳಲ್ಲಿ ಕಥೆಯ ಸ್ವಾರಸ್ಯವಿರುವುದಿಲ್ಲ. ಆದ್ದರಿಂದ ರಾತ್ರಿ ಮಲಗುವಾಗ ಒಳ್ಳೆಯ ಕಥೆ ನೀವೇ ಓದಿ ಹೇಳಿ. ಕಣ್ಣಿಗೆ ಕಲಿತ ಅಕ್ಷರ, ಕಿವಿಗೆ ದೊಡ್ಡ ಕಥೆ, ಎರಡೂ ಬೇಕು. ದಿನಕ್ಕೆ ಹತ್ತು ನಿಮಿಷ ಸಾಕು. ಹೊಡೆಯಬೇಡಿ, ಆ ಎರಡು ಏಟು ನನ್ನ ಕೈಗೆ ಇನ್ನೂ ನೋಯುತ್ತಿದೆ.

ಹೋದ ವಾರ ಹಿಟ್ಟಿನ ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿತ್ತು. ಅಂಕುಡೊಂಕು ಅಕ್ಷರ, ಮ-ಕ್ಕೆ ಒತ್ತು ಮಾತ್ರ ಸರಿಯಾಗಿತ್ತು: "ಬಸವನ ಅಮ್ಮ ಬಂದಳು."